ಕೃಷ್ಣಾನದಿಯ ಕಸ: ರಬಕವಿ-ಬನಹಟ್ಟಿ ತೀರದ ಘನತ್ಯಾಜ್ಯ ಮಾಲಿನ್ಯ

ಜನವಸತಿಯಲ್ಲಿ ಹುಟ್ಟಿದ ಘನರೂಪದ ತ್ಯಾಜ್ಯವು ಗಟಾರ ಹಳ್ಳಗಳ ಮೂಲಕವಾಗಿಯೋ, ಗಾಳಿಯ ಹೊಡೆತಕ್ಕೆ ಸಿಕ್ಕಿಯೋ, ಮನುಷ್ಯರ ಕೈಯಿಂದ ನೇರವಾಗಿಯೋ ಹೊಳೆಯ ಪಾತ್ರವನ್ನು ಸೇರಿ, ಅಲ್ಲಿ ತೇಲುತ್ತಲೋ, ತಳದ ರಾಡಿಯಲ್ಲಿ ಹೂತುಕೊಂಡೋ, ದಡದ ಜಾಲಿಯ ಮುಳ್ಳಿಗೆ ತೊಡರಿಕೊಂಡೋ ಉಳಿದುಬಿಟ್ಟಾಗ ಅದನ್ನು ನದೀಕಸವೆಂದು ಕರೆಯಬಹುದು. ನೀರಿನಲ್ಲಿ ಕರಗಿ ಮರೆಯಾಗುವ ಕ್ಷಾರ, ಆಮ್ಲ, ಬಣ್ಣ, ಮಲಮೂತ್ರಾದಿ ಕಲ್ಮಷಗಳಿಗಿಂತ ಇದು ಭಿನ್ನವಾದದ್ದು. ಅವು ಬಹುಮಟ್ಟಿಗೆ ಪ್ರಯೋಗಶಾಲೆಯ ಪರೀಕ್ಷೆಗೆ ಗೋಚರಿಸತಕ್ಕವು, ಇದು ದಾರಿಹೋಕನ ಕಣ್ಣಿಗೂ ಬೀಳತಕ್ಕದ್ದು. ಹಾಗಿದ್ದೂ, ಎಲ್ಲರ ಕಣ್ಣಿಗೆ ಕಾಣುವ ಈ ಮಾಲಿನ್ಯವೇ ಸರಕಾರಿ ಲೆಕ್ಕಪತ್ರಗಳಲ್ಲಿ ಎಲ್ಲಕ್ಕಿಂತ ಕಡಮೆ ಕಾಣಿಸಿಕೊಂಡಿರುವುದು ಒಂದು ವಿಚಿತ್ರ. ಅದರ ಕಾರಣವನ್ನು ಮುಂದೆ ವಿವರಿಸಲಾಗುವುದು. ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯ ದಡದಲ್ಲಿ ಕೃಷ್ಣೆಗೆ ಒದಗಿದ ಸ್ಥಿತಿಯನ್ನು ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ನಿರೂಪಿಸಿದೆ.

ನದಿ ಮತ್ತು ಊರು: ಸಹ್ಯಾದ್ರಿಯ ಮಹಾಬಳೇಶ್ವರದಲ್ಲಿ ಹುಟ್ಟಿ, ಸುಮಾರು 1,400 ಕಿಲೋಮೀಟರು ದೂರ ಹರಿದು ಬಂಗಾಳ ಕೊಲ್ಲಿಯನ್ನು ಸೇರುವ ಕೃಷ್ಣೆಯು, ಕೊಯ್ನಾ, ವಾರಣಾ, ಪಂಚಗಂಗಾ ನದಿಗಳ ನೀರನ್ನು ಮಹಾರಾಷ್ಟ್ರದಲ್ಲಿಯೇ ಒಳಗೊಂಡು, ಚಿಕ್ಕೋಡಿಯ ಸೀಮೆಯಲ್ಲಿ ಕರ್ನಾಟಕವನ್ನು ಪ್ರವೇಶಿಸಿ, ಕಲ್ಲೋಳದ ಬಳಿ ದೂಧಗಂಗೆಯನ್ನು ಕೂಡಿಕೊಂಡು, ಒಂದು ಮಗ್ಗುಲಿಗೆ ಅಥಣಿಯನ್ನೂ ಇನ್ನೊಂದು ಮಗ್ಗುಲಿಗೆ ರಾಯಬಾಗ, ತೇರದಾಳ, ರಬಕವಿಗಳನ್ನೂ ಬಿಟ್ಟು ಪೂರ್ವಾಭಿಮುಖವಾಗಿ ಸಾಗುತ್ತದೆ. ನಮ್ಮ ಹಳೆಯ ಶಾಸನಗಳು ಇದನ್ನು ಪೆರ್ದೊರೆ ಎಂದು ಕರೆದವು. ಇಂದಿನ ದಡದ ಜನಕ್ಕೆ ಅದು ಬರಿಯ ‘ಹೊಳಿ’. ಹೆಸರು ಹಿಡಿದು ಹೇಳಬೇಕಾದ ಪ್ರಸಂಗ ಬಂದರೆ ‘ಕೃಷ್ಣಾ ಹೊಳಿ’. ರಬಕವಿ, ಬನಹಟ್ಟಿ, ರಾಮಪುರ, ಹೊಸೂರುಗಳು ಒಂದೇ ನಗರಸಭೆಯ ವ್ಯಾಪ್ತಿಗೆ ಸೇರಿ, ಕೆಲ ವರ್ಷಗಳ ಹಿಂದೆ ಜಮಖಂಡಿಯಿಂದ ಬೇರ್ಪಟ್ಟು ಸ್ವತಂತ್ರ ತಾಲೂಕಿನ ಕೇಂದ್ರವಾಗಿವೆ. ಊರಿನ ಕುಡಿಯುವ ನೀರು ಈ ಹೊಳೆಯದೇ. ಊರಿನ ಗಟಾರಗಳ ಇಳಿಜಾರೂ ಕಡೆಗೆ ಈ ಹೊಳೆಯತ್ತಲೇ. ಈ ಎರಡು ವಾಕ್ಯಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಉಳಿದದ್ದೆಲ್ಲ ಬಹುಮಟ್ಟಿಗೆ ತಾನೇ ತಿಳಿಯುತ್ತದೆ.

ನೇಕಾರಿಕೆ ಈ ಊರಿನ ಕುಲವೃತ್ತಿ. ಮೊದಲು ಕೈಮಗ್ಗವೂ ಅನಂತರ ವಿದ್ಯುನ್ಮಗ್ಗವೂ ಸೀರೆಗಳನ್ನು ನೇಯ್ದು ದೇಶದ ನಾನಾ ಪೇಟೆಗಳಿಗೆ ಕಳುಹಿಸಿವೆ. ಬನಹಟ್ಟಿಯ ಓಣಿಗಳಲ್ಲಿ ಹಗಲೆಲ್ಲ ಮಗ್ಗದ ಲಟಪಟ ಸದ್ದನ್ನು ಕೇಳದವನಿಗೆ ಆ ಊರು ನಿಶ್ಶಬ್ದವಾದ ದಿನವೊಂದು ಎಷ್ಟು ಅಪಶಕುನವಾಗಿ ತೋರುವುದೆಂಬುದು ತಿಳಿಯಲಾರದು. ಹತ್ತಿಯ ನೂಲೊಂದೇ ಬಳಕೆಯಲ್ಲಿದ್ದ ಕಾಲದಲ್ಲಿ ಮಗ್ಗದ ಕೆಳಗೆ ಉದುರಿದ ಚಿಂದಿ ದೀಪದ ಬತ್ತಿಗೋ ಪಾತ್ರೆ ಒರೆಸುವುದಕ್ಕೋ ಉಪಯೋಗವಾಗಿ, ಉಳಿದದ್ದು ತಿಪ್ಪೆಯಲ್ಲಿ ಕೊಳೆತು ಹೊಲದ ಗೊಬ್ಬರವಾಗುತ್ತಿತ್ತು. ಪಾಲಿಯೆಸ್ಟರ್ ಮೊದಲಾದ ಕೃತಕ ನೂಲುಗಳು ಬಂದ ತರುವಾಯ ಅದೇ ಚಿಂದಿಯು ಕೊಳೆಯದ ಪದಾರ್ಥವಾಯಿತು; ಗಟಾರದ ರಾಡಿಯಲ್ಲಿ ಕೆಂಪು, ಹಸಿರು, ಜರಿಬಣ್ಣದ ಎಳೆಗಳು ಗಂಟುಗಂಟಾಗಿ ಸಿಕ್ಕಿಕೊಂಡು, ಮೇಲಿಂದ ಬಂದ ಚೀಲವನ್ನೂ ಕಡ್ಡಿಯನ್ನೂ ತಮ್ಮೊಳಗೆ ಸಿಕ್ಕಿಸಿಕೊಂಡು, ಬಲೆಯಂತೆ ಬೆಳೆಯುವುದನ್ನು ಯಾವ ಗಟಾರದ ಮೂಲೆಯಲ್ಲಿಯಾದರೂ ಬಾಗಿ ನೋಡಬಹುದು. ಬಣ್ಣ ಹಾಕುವ ಮನೆಗಳಿಂದ ಹೊರಬೀಳುವ ನೀರು ಇನ್ನೊಂದು ದೊಡ್ಡ ಅಧ್ಯಾಯ. ಅದು ಕರಗಿದ ಕಲ್ಮಷದ ವರ್ಗಕ್ಕೆ ಸೇರಿದ್ದಾದುದರಿಂದ ಇಲ್ಲಿ ಅದನ್ನು ವಿಸ್ತರಿಸುವುದಿಲ್ಲ.

ಹೊಳೆಗೆ ಬಿಡುವ ಪದ್ಧತಿ: ನದಿಯಲ್ಲಿ ಕಸವನ್ನು ಎಸೆಯುವವನು ಅನಾಗರಿಕನೆಂಬ ಮಾತು ನಗರವಾಸಿಗಳ ಭಾಷಣಗಳಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ಹೊಳೆಯ ಸೀಮೆಯ ಆಚಾರಗಳನ್ನು ಬಲ್ಲವರು ಅಷ್ಟು ಸುಲಭವಾಗಿ ಆ ತೀರ್ಪನ್ನು ಕೊಡಲಾರರು. ಇಲ್ಲಿನ ಜನ ಹೊಳೆಗೆ ‘ಎಸೆಯುವುದಿಲ್ಲ’, ‘ಬಿಡುತ್ತಾರೆ’. ಮನೆಯಲ್ಲಿ ಮುಪ್ಪಾದ ದೇವರ ಪಟ, ಒಡೆದ ಮೂರ್ತಿ, ಪೂಜೆಯ ಹೂವು, ಕಳಸದ ಕಾಯಿ, ತೀರಿಕೊಂಡವರ ಬೂದಿ ಮತ್ತು ಅವರ ಹಾಸಿಗೆ ಬಟ್ಟೆ, ಇವುಗಳನ್ನು ತಿಪ್ಪೆಗೆ ಹಾಕಲು ಮನಸ್ಸು ಒಪ್ಪದು, ಮನೆಯಲ್ಲಿಟ್ಟುಕೊಳ್ಳಲು ಶಾಸ್ತ್ರ ಒಪ್ಪದು. ಆದುದರಿಂದ ‘ಹೊಳಿಗೆ ಬಿಟ್ಟ ಬಾ’ ಎಂದು ಹಿರಿಯರು ಹೇಳುತ್ತಾರೆ, ಕಿರಿಯರು ಬಿಟ್ಟು, ಕೈಮುಗಿದು, ಹಿಂದಿರುಗಿ ನೋಡದೆ ಬರುತ್ತಾರೆ. ಮಳೆಗಾಲದಲ್ಲಿ ಹೊಳೆ ತುಂಬಿ ಬಂದಾಗ ಗಂಗವ್ವನಿಗೆ ಉಡಿ ತುಂಬುವ ಹೆಣ್ಣುಮಕ್ಕಳು ಖಣ, ಹಸಿರು ಬಳೆ, ಅರಿಸಿನ ಕುಂಕುಮ, ಕಾಯಿಗಳನ್ನು ನೀರಿಗೆ ಒಪ್ಪಿಸುತ್ತಾರೆ. ಸಂಕ್ರಮಣದ ದಿನ ಬುತ್ತಿ ಕಟ್ಟಿಕೊಂಡು ಬಂದು ಮಿಂದು ದಂಡೆಯಲ್ಲಿ ಕುಳಿತು ಊಟಮಾಡುವ ಸಂಪ್ರದಾಯವೂ ಈ ಭಾಗದಲ್ಲಿ ಬಲವಾಗಿದೆ. ಇವೆಲ್ಲ ತ್ಯಾಜ್ಯವನ್ನು ಸಾಗಿಸುವ ಕ್ರಿಯೆಗಳಲ್ಲ. ಪೂಜ್ಯವಾದದ್ದನ್ನು ಪೂಜ್ಯವಾದದ್ದಕ್ಕೇ ಒಪ್ಪಿಸಿ ಋಣಮುಕ್ತರಾಗುವ ಕ್ರಿಯೆಗಳು.

ಹಳೆಯ ಕಾಲದಲ್ಲಿ ಈ ಪದ್ಧತಿಯಿಂದ ಹೊಳೆಗೆ ಹಾನಿಯಾಗಲಿಲ್ಲವೆಂಬುದಕ್ಕೆ ಎರಡು ಕಾರಣಗಳಿದ್ದವು. ಒಂದು, ಬಿಟ್ಟ ವಸ್ತುವಿನ ಸ್ವಭಾವ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳನ್ನಾಗಲಿ, ಆಷಾಢದ ಮಂಗಳವಾರಗಳ ಗುಳ್ಳವ್ವನನ್ನಾಗಲಿ ಇದೇ ನದಿಯ, ಇಲ್ಲವೆ ಇದೇ ಕೆರೆಯ ಮಣ್ಣಿನಿಂದ ಮಾಡಿ ಅದೇ ನೀರಿಗೆ ಮರಳಿಸುತ್ತಿದ್ದರು. ಬಳೆ ಗಾಜಿನದು, ಖಣ ಹತ್ತಿಯದು ಇಲ್ಲವೆ ರೇಷ್ಮೆಯದು, ಪತ್ರಾವಳಿ ಮುತ್ತಲ ಎಲೆಯದು. ಇನ್ನೊಂದು, ನೀರಿನ ಸ್ವಭಾವ. ಹರಿಯುವ ನೀರಿಗೆ ಮೈಲಿಗೆಯಿಲ್ಲವೆಂಬ ನಂಬಿಕೆಯು ಕೇವಲ ಮಡಿವಂತರ ಸಮಾಧಾನವಾಗಿರದೆ ಅನುಭವದ ಮಾತೂ ಆಗಿತ್ತು. ಮಹಾಪೂರವು ವರ್ಷಕ್ಕೊಮ್ಮೆ ಬಂದು ಪಾತ್ರವನ್ನು ಗುಡಿಸಿ, ಎರೆಮಣ್ಣನ್ನು ಹೊಲಕ್ಕೆ ಹಾಸಿ, ಮಿಕ್ಕದ್ದನ್ನು ಒಯ್ದುಬಿಡುತ್ತಿತ್ತು. ಇಂದು ಈ ಎರಡೂ ಕಾರಣಗಳು ಬದಲಾಗಿವೆ, ಆಚಾರವೊಂದೇ ಇದ್ದಂತೆಯೇ ಇದೆ. ಸುಟ್ಟ ಗಿಪ್ಸಮ್ಮಿನ ಪುಡಿಯಾದ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನಿಂದ ಎರಕ ಹೊಯ್ದ ಗಣಪತಿಯು ನೀರಿನಲ್ಲಿ ಕರಗಲೊಲ್ಲನು. ಮೈಯ ಬಣ್ಣ ಬಿಟ್ಟುಕೊಟ್ಟು, ಕೈ ಮುರಿದುಕೊಂಡು, ಬೇಸಗೆಯಲ್ಲಿ ನೀರು ಇಳಿದಾಗ ಸೊಂಡಿಲು ಮೇಲಾಗಿ ಕೆಸರಿನಲ್ಲಿ ಮಲಗಿರುತ್ತಾನೆ. ಭಕ್ತಿಯಿಂದ ಕಳುಹಿಸಿಕೊಟ್ಟ ದೇವರನ್ನು ಇಂಥ ಅವಸ್ಥೆಯಲ್ಲಿ ನೋಡುವುದಕ್ಕಿಂತ ದೊಡ್ಡ ಅಪಚಾರ ಯಾವುದೆಂದು ಕೇಳಿದರೆ ಆಸ್ತಿಕರೂ ನಿರುತ್ತರರಾಗುತ್ತಾರೆ.

ದಂಡೆಯ ಮೇಲಿನ ಮರದ ಬುಡವೊಂದನ್ನು ಹತ್ತಿರದಿಂದ ನೋಡಿದರೆ ವಿಷಯ ಸ್ಪಷ್ಟವಾದೀತು. ಗಾಜು ಒಡೆದ ಲಕ್ಷ್ಮಿಯ ಪಟ, ಅದರ ಹಿಂದಿನ ರಟ್ಟು ಗೆದ್ದಲು ಹಿಡಿದಿದೆ, ಪ್ಲಾಸ್ಟಿಕ್ಕಿನ ಚೌಕಟ್ಟು ಮಾತ್ರ ಹೊಸದರಂತಿದೆ. ಅದರ ಮೇಲೆ ಕೊರಳಿನಿಂದ ತೆಗೆದ ಕೃತಕ ಹೂವಿನ ಹಾರ. ಹಳದಿ ಬಣ್ಣದ ನೆಯ್ದ ಚೀಲದಲ್ಲಿ ಯಾರದೋ ಅಂಗಿ, ಧೋತರ, ಗುಳಿಗೆಯ ಪಟ್ಟಿಗಳು. ಅಗರಬತ್ತಿಯ ಪೊಟ್ಟಣ, ಕರ್ಪೂರದ ಡಬ್ಬಿ, ಕಾಯಿ ಕಟ್ಟಿ ತಂದ ತೆಳುವಾದ ಕರಿಯ ಚೀಲ. ಹೂವು ಕೊಳೆತು ಮಣ್ಣಾಗಿದೆ, ಕಾಯಿಯನ್ನು ಮಂಗವೋ ಹುಡುಗರೋ ಒಯ್ದಿದ್ದಾರೆ. ದೇವರಿಗೆ ಸಂದದ್ದೆಲ್ಲ ಹೋಗಿದೆ. ಅದನ್ನು ಸುತ್ತಿ ತಂದದ್ದು ಮಾತ್ರ ಉಳಿದಿದೆ.

ನಿಂತ ನೀರು: ಕೃಷ್ಣೆಯ ಈ ಭಾಗದ ಇತಿಹಾಸದಲ್ಲಿ ಕಳೆದ ನಾಲ್ಕು ದಶಕಗಳ ಬದಲಾವಣೆಯು ಹಿಂದಿನ ನಾಲ್ಕು ಶತಮಾನಗಳ ಬದಲಾವಣೆಗಿಂತ ಹೆಚ್ಚಿನದು. ಜಮಖಂಡಿ ಸೀಮೆಯ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ವಂತಿಗೆ ಕೂಡಿಸಿ, ತಾವೇ ಮೈಮುರಿದು ದುಡಿದು, 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಕಟ್ಟಿದ ಬ್ಯಾರೇಜು ಶ್ರಮಬಿಂದು ಸಾಗರವೆಂದು ಪ್ರಸಿದ್ಧವಾಗಿದೆ. ಅದರ ಮೇಲ್ಭಾಗದಲ್ಲಿ ಹಿಪ್ಪರಗಿಯ ಬ್ಯಾರೇಜು ಬಂದಿತು. ಕೆಳಭಾಗದಲ್ಲಿ, 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರಿಂದ ಶಂಕುಸ್ಥಾಪನೆಗೊಂಡು ಬಹು ವರ್ಷಗಳ ತರುವಾಯ ಪೂರ್ಣವಾದ ಆಲಮಟ್ಟಿಯ ಜಲಾಶಯವು 519.60 ಮೀಟರು ಮಟ್ಟಕ್ಕೆ ತುಂಬಿದಾಗ ಹಿನ್ನೀರು ಬೀಳಗಿ, ಜಮಖಂಡಿಗಳವರೆಗೆ ಚಾಚುತ್ತದೆ. ಹೀಗೆ ಒಂದು ಕಾಲಕ್ಕೆ ಮಳೆಗಾಲದಲ್ಲಿ ಅಬ್ಬರಿಸಿ ಬೇಸಗೆಯಲ್ಲಿ ಉಸುಕಿನ ಹಾಸಾಗಿ ಉಳಿಯುತ್ತಿದ್ದ ಹೊಳೆಯು ಈಗ ವರ್ಷದ ಬಹುಭಾಗ ಒಂದರ ಕೆಳಗೊಂದು ಮೆಟ್ಟಿಲುಗಳಂತೆ ನಿಂತ ನೀರಿನ ಸಾಲಾಗಿದೆ. ಇದರಿಂದ ಕಬ್ಬು ಬೆಳೆಯಿತು, ಊರುಗಳಿಗೆ ಕುಡಿಯುವ ನೀರಿನ ಆಸರೆಯಾಯಿತು. ಈ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಹರಿಯುವ ನೀರಿನ ಮೇಲೆ ಹೊರಿಸಿದ್ದ ಹೊರೆಯನ್ನು ನಿಂತ ನೀರಿನ ಮೇಲೂ ಹಾಗೆಯೇ ಹೊರಿಸಿದ್ದು ನಮ್ಮ ತಪ್ಪು. ಬಾಗಿಲುಗಳು ಇಳಿದಿರುವ ತಿಂಗಳುಗಳಲ್ಲಿ ಹೊಳೆಗೆ ಬಿಟ್ಟದ್ದು ಹೋಗುವುದಿಲ್ಲ; ಇಲ್ಲಿಯೇ ಇರುತ್ತದೆ.

ನಿಂತ ನೀರಿನೊಳಗೆ ಗಾಳಿಯೇ ಹೊಳೆಯ ಪ್ರವಾಹವಾಗುತ್ತದೆ. ಗಾಳಿ ಬೀಸಿದ ದಿಕ್ಕಿನ ದಂಡೆಗೆ ಬಾಟಲಿ, ಥರ್ಮೋಕೋಲಿನ ತಟ್ಟೆ, ಚಪ್ಪಲಿ, ಕಬ್ಬಿನ ರವದಿ, ಅಂತರಗಂಗೆಯ ಬಳ್ಳಿ ಎಲ್ಲ ಒಂದೇ ಪಟ್ಟಿಯಾಗಿ ಸೇರಿ, ಸಂಜೆಗೆ ಗಾಳಿ ತಿರುಗಿದಾಗ ಆ ಪಟ್ಟಿಯೂ ಮೆಲ್ಲಗೆ ಆಚೆಯ ದಂಡೆಯತ್ತ ಹೊರಡುತ್ತದೆ. ರಬಕವಿಯ ದಡದಿಂದ ಎದುರಿನ ಮಹಿಷವಾಡಗಿಗೆ ದೋಣಿಯಲ್ಲಿ ದಾಟಿದವರಿಗೆ ಇದು ಹೊಸ ದೃಶ್ಯವಾಗಲಾರದು.

ಹಳ್ಳ ಮತ್ತು ಗಟಾರ: ಇಷ್ಟಾದರೂ ದಂಡೆಯ ಮೇಲೆ ಜನರು ಬಿಟ್ಟುಹೋದದ್ದು ಹೊಳೆಯ ಕಸದ ಸಣ್ಣ ಪಾಲೆಂದೇ ಹೇಳಬೇಕು. ಹೆಚ್ಚಿನದು ಬರುವುದು ಹೊಳೆಯನ್ನು ವರ್ಷಕ್ಕೊಮ್ಮೆಯೂ ನೋಡದವರ ಮನೆಗಳಿಂದ. ಸಂತೆಯ ಮಾರನೆಯ ಬೆಳಗು, ಗಟಾರದ ಹಾಸುಗಲ್ಲಿನ ಸಂದಿಯಲ್ಲಿ, ಚಹದ ಅಂಗಡಿಯ ಕಾಗದದ ಲೋಟ, ಗುಟಕಾ ಚೀಟಿ, ಒಂದೆರಡು ರೂಪಾಯಿಯ ಶಾಂಪೂ ಪೊಟ್ಟಣ, ಹಾಲಿನ ಚೀಲದಿಂದ ಹಲ್ಲಿನಲ್ಲಿ ಕಚ್ಚಿ ತೆಗೆದ ಮೂಲೆಯ ಚೂರು, ಇವುಗಳು ಬೂದುಬಣ್ಣದ ನೀರಿನಲ್ಲಿ ನೆನೆಯುತ್ತ ಕುಳಿತಿರುತ್ತವೆ. ಗುಜರಿಯವನು ಬಾಟಲಿಯನ್ನು ಆಯ್ದುಕೊಳ್ಳುತ್ತಾನೆ, ರಟ್ಟನ್ನು ಆಯ್ದುಕೊಳ್ಳುತ್ತಾನೆ; ಈ ಸಣ್ಣ ಚೀಟಿಗಳನ್ನು ಆಯಲಾರನು, ಏಕೆಂದರೆ ಸಾವಿರ ಚೀಟಿ ಕೂಡಿಸಿದರೂ ತಕ್ಕಡಿ ಅಲುಗದು, ಪದರ ಪದರವಾಗಿ ಅಂಟಿಸಿದ ಆ ಹಾಳೆಯನ್ನು ಕೊಳ್ಳುವವರೂ ಇಲ್ಲ. ಗುಜರಿಯ ತಕ್ಕಡಿ ಯಾವುದನ್ನು ಒಲ್ಲದೋ ಅದೇ ಕಡೆಗೆ ಹೊಳೆಯ ಪಾಲಾಗುತ್ತದೆ. ಯಾವ ವಸ್ತು ನದಿಗೆ ಬೀಳುವುದೆಂಬುದನ್ನು ಊಹಿಸಲು ಇದಕ್ಕಿಂತ ಒಳ್ಳೆಯ ಸೂತ್ರ ಬೇರೆ ಸಿಗಲಿಕ್ಕಿಲ್ಲ.

ಅಕ್ಟೋಬರಿನಿಂದ ಮೇ ತಿಂಗಳವರೆಗೆ ಈ ಬಯಲುಸೀಮೆಯ ಹಳ್ಳಗಳು ಬಹುಮಟ್ಟಿಗೆ ಒಣಗಿರುತ್ತವೆ. ಊರಿನ ಬಚ್ಚಲ ನೀರಿನ ತೊರೆಯೊಂದು ಮಾತ್ರ ನಡುವೆ ಹರಿಯುತ್ತಿದ್ದು, ಉಳಿದ ಅಗಲವೆಲ್ಲ ಊರವರಿಗೆ ಬಿಟ್ಟಿ ಸಿಕ್ಕ ತಿಪ್ಪೆಯಾಗುತ್ತದೆ. ಕಟ್ಟಡ ಕೆಡವಿದ ಇಟ್ಟಿಗೆ, ಕೋಳಿಯಂಗಡಿಯ ಪುಚ್ಚ, ಮದುವೆಮನೆಯ ಎಂಜಲೆಲೆ ಎಲ್ಲವೂ ಅಲ್ಲಿಗೆ ಬರುತ್ತವೆ. ಏಳೆಂಟು ತಿಂಗಳು ಹೀಗೆ ಕೂಡಿಬಿದ್ದ ರಾಶಿಯನ್ನು ಮುಂಗಾರಿನ ಮೊದಲ ದೊಡ್ಡ ಮಳೆಯು ಕೆಲವೇ ತಾಸುಗಳಲ್ಲಿ ಬಾಚಿ ಹೊಳೆಗೆ ನೂಕುತ್ತದೆ. ಆದುದರಿಂದ ನದೀಕಸವು ವರ್ಷವೆಲ್ಲ ಸಮನಾಗಿ ಬರುವ ಪದಾರ್ಥವಲ್ಲ. ಅದರ ಬಹ್ವಂಶವು ಒಂದೆರಡು ಮಳೆಯಲ್ಲಿ ಬಂದುಬಿಡುತ್ತದೆ. ಅನಂತರ ಎಷ್ಟು ಮಳೆಯಾದರೂ ಹಳ್ಳದ ನೀರು ಅಷ್ಟು ಹೊಲಸಾಗಿರುವುದಿಲ್ಲ.

ಈ ತಾಲೂಕಿನ ಇಂಥ ಹಳ್ಳವೊಂದರ ಹೆಸರು ದಿಲ್ಲಿಯ ದಫ್ತರಕ್ಕೂ ಮುಟ್ಟಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ದೇಶದ ಕಲುಷಿತ ನದೀಭಾಗಗಳೆಂದು 351ನ್ನು ಪಟ್ಟಿಮಾಡಿತು; ಅವುಗಳಲ್ಲಿ ಕರ್ನಾಟಕದವು 17. ಅರ್ಕಾವತಿ, ಕಾವೇರಿ, ತುಂಗಭದ್ರಾ, ಭೀಮಾ, ಕೃಷ್ಣಾ ಮೊದಲಾದ ದೊಡ್ಡ ಹೆಸರುಗಳ ನಡುವೆ, ಪಕ್ಕದ ತಾಲೂಕಿನವರೂ ಕೇಳಿರದ ಅಸಂಗಿಯ ನಾಲೆಯೂ ಆ ಪಟ್ಟಿಯಲ್ಲಿದೆ. ಮಾಲಿನ್ಯದ ತೀವ್ರತೆಗೆ ಅನುಸಾರವಾಗಿ ಮಾಡಿದ ಐದು ದರ್ಜೆಗಳಲ್ಲಿ ಇದಕ್ಕೆ ಐದನೆಯದು, ಎಂದರೆ ಎಲ್ಲಕ್ಕಿಂತ ಸೌಮ್ಯವಾದದ್ದು, ದೊರಕಿದೆ.

ಅಳತೆಯ ಪ್ರಶ್ನೆ: ಈ ದರ್ಜೆಗಳನ್ನು ನಿರ್ಣಯಿಸುವ ಕ್ರಮವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಒಂದು ಲೀಟರು ನೀರಿನಲ್ಲಿರುವ ಕೊಳೆಯತಕ್ಕ ಪದಾರ್ಥವನ್ನು ಜೀವಾಣುಗಳು ಅರಗಿಸಿಕೊಳ್ಳುವುದಕ್ಕೆ ಎಷ್ಟು ಮಿಲಿಗ್ರಾಮ್ ಆಮ್ಲಜನಕ ಬೇಕಾಗುವುದೆಂಬುದನ್ನು ಜೈವಿಕ ಆಮ್ಲಜನಕ ಬೇಡಿಕೆ ಎನ್ನುತ್ತಾರೆ. ಅದು 3ಕ್ಕೆ ಮೀರದಿದ್ದರೆ ಆ ನೀರು ಈ ಅಳತೆಯ ಮಟ್ಟಿಗೆ ಸ್ನಾನಕ್ಕೆ ಯೋಗ್ಯ. 3ರಿಂದ 6ರವರೆಗೆ ಐದನೆಯ ದರ್ಜೆ, 30 ಮೀರಿದರೆ ಮೊದಲನೆಯ ದರ್ಜೆ. ಕೊಳಚೆನೀರಿನ ಪ್ರಮಾಣವನ್ನು ತಿಳಿಯುವುದಕ್ಕೆ ಇದು ಉತ್ತಮವಾದ ಮಾನದಂಡವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪ್ಲಾಸ್ಟಿಕ್ಕು ಕೊಳೆಯುವುದೇ ಇಲ್ಲವಾದುದರಿಂದ ಅದು ಆಮ್ಲಜನಕವನ್ನು ಬೇಡುವುದೂ ಇಲ್ಲ. ಹಳ್ಳದ ಒಂದು ದಡದಿಂದ ಇನ್ನೊಂದು ದಡಕ್ಕೆ ಕಾಲಿಡಲು ತೆರಪಿಲ್ಲದಂತೆ ಬಾಟಲಿಗಳು ತುಂಬಿದ್ದರೂ, ಅವುಗಳ ನಡುವೆ ಸೀಸೆಯನ್ನು ಅದ್ದಿ ತೆಗೆದ ನೀರು ಈ ಪರೀಕ್ಷೆಯಲ್ಲಿ ಶುದ್ಧವೆಂದು ತೇರ್ಗಡೆಯಾಗುವ ಸಂಭವವುಂಟು. ಕಣ್ಣಿಗೆ ಕಾಣುವ ಮಾಲಿನ್ಯವು ಲೆಕ್ಕಕ್ಕೆ ಕಾಣದಿರುವುದರ ರಹಸ್ಯವಿದು. ಎಂತಲೇ, ಸೌಮ್ಯ ದರ್ಜೆ ದೊರೆತದ್ದನ್ನು ಕಸ ಕಡಮೆಯಿರುವುದರ ಸಾಕ್ಷಿಯೆಂದು ಯಾರೂ ಭಾವಿಸಬಾರದು.

ತೇಲುವುದು, ಮುಳುಗುವುದು: ಚೀಲ ಮಾಡುವ ಪಾಲಿಥೀನು ನೀರಿಗಿಂತ ಹಗುರ, 1933ರಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಯೊಂದರಲ್ಲಿ ಆಕಸ್ಮಿಕವಾಗಿ ಹುಟ್ಟಿದ ಈ ಪದಾರ್ಥವು ಶತಮಾನ ತುಂಬುವ ಮೊದಲೇ ಬನಹಟ್ಟಿಯ ಗಟಾರವನ್ನೂ ಬಿಡದೆ ಆಕ್ರಮಿಸಿತು. ನೀರಿನ ಬಾಟಲಿಯ ಪ್ಲಾಸ್ಟಿಕ್ಕಾದರೋ ನೀರಿಗಿಂತ ಸುಮಾರು ಮೂರನೆಯ ಒಂದು ಪಾಲಿನಷ್ಟು ಭಾರವಾದದ್ದು. ಮುಚ್ಚಳ ಬಿಗಿದಿರುವವರೆಗೆ ಒಳಗಿನ ಗಾಳಿಯ ಬಲದಿಂದ ತೇಲಿ, ಮುಚ್ಚಳ ಕಳಚಿ ನೀರು ಹೊಕ್ಕೊಡನೆ ಮುಳುಗುತ್ತದೆ. ಚೀಲವೂ ಬಹುಕಾಲ ತೇಲಲಾರದು. ಪಾಚಿ ಬೆಳೆದು, ಮಡಿಕೆಯೊಳಗೆ ಉಸುಕು ಸೇರಿ, ಅದೂ ತಳ ಕಾಣುತ್ತದೆ. ಆದುದರಿಂದ ನೀರಿನ ಮೇಲೆ ಕಾಣುವ ಕಸವು ಇರುವ ಕಸದ ಒಂದು ಭಾಗ ಮಾತ್ರ. ಬಿಸಿಲಿಗೆ ಒಣಗಿ, ಅಲೆಗೆ ತಿಕ್ಕಿ, ಐದು ಮಿಲಿಮೀಟರಿಗಿಂತ ಚಿಕ್ಕದಾದ ಚೂರುಗಳಿಗೆ ಸೂಕ್ಷ್ಮ ಪ್ಲಾಸ್ಟಿಕ್ಕೆಂದು ಹೆಸರು. 2004ರಲ್ಲಿ ರಿಚರ್ಡ್ ಥಾಂಪ್ಸನ್ ಎಂಬ ಆಂಗ್ಲ ವಿಜ್ಞಾನಿಯು ಸಮುದ್ರದ ಕುರಿತು ಬರೆದ ಲೇಖನದಿಂದ ಈ ಹೆಸರು ಪ್ರಚಾರಕ್ಕೆ ಬಂದಿತು. ಕೃತಕ ಬಟ್ಟೆಯನ್ನು ಒಗೆದಾಗ ಉದುರುವ ಎಳೆಗಳೂ ಇದೇ ವರ್ಗಕ್ಕೆ ಸೇರಿದವಾದುದರಿಂದ, ಸೀರೆ ನೇಯುವ ಊರಿಗೂ ಸೀರೆ ಒಗೆಯುವ ದಂಡೆಗೂ ಇದು ದೂರದ ಸಂಗತಿಯಲ್ಲ.

2019ನೆಯ ಇಸವಿಯು ಹೊಳೆಯ ಎರಡು ಮುಖಗಳನ್ನೂ ಒಂದೇ ವರ್ಷದಲ್ಲಿ ತೋರಿಸಿತು. ಬೇಸಗೆಯಲ್ಲಿ ಪಾತ್ರ ಬತ್ತಿ, ಕೊಯ್ನೆಯಿಂದ ನೀರು ಬಿಡಿಸಿರೆಂದು ಜನ ಮೊರೆಯಿಟ್ಟರು. ಆಗ ತಳದಲ್ಲಿದ್ದದ್ದೆಲ್ಲ ಬಯಲಿಗೆ ಬಂದು, ಬಿರಿದ ಕೆಸರಿನ ಹೆಂಟೆಗಳ ನಡುವೆ ವರ್ಷಗಳ ಕಸ ಪದರುಗಟ್ಟಿ ಕಂಡಿತು. ಆಗಸ್ಟಿನಲ್ಲಿ ಅದೇ ಹೊಳೆಗೆ ಮಹಾಪೂರ ಬಂದು, ಆಲಮಟ್ಟಿಯಿಂದ ಐದು ಲಕ್ಷ ಕ್ಯೂಸೆಕ್ಕಿಗೂ ಮಿಗಿಲಾಗಿ ನೀರನ್ನು ಹೊರಬಿಡಬೇಕಾಯಿತು. ತಮದಡ್ಡಿ, ಹಳಿಂಗಳಿ, ಅಸಂಗಿ ಮೊದಲಾದ ದಡದ ಹಳ್ಳಿಗಳು ಸಂಕಟಕ್ಕೀಡಾದವು. ಇಂಥ ಮಹಾಪೂರ ಇಳಿದ ಮೇಲೆ ಹೊಲದ ಬದುವಿನ ಜಾಲಿಗಿಡಗಳಲ್ಲಿ, ಆಳೆತ್ತರದ ಮೇಲೆ, ಕೊಂಬೆಕೊಂಬೆಗೂ ಚೀಲದ ಚಿಂದಿಗಳು ನೇತಾಡುತ್ತವೆ. ನೀರು ಎಲ್ಲಿಯವರೆಗೆ ಏರಿತ್ತೆಂದು ಅಳೆಯಲು ಇಂಜಿನಿಯರರ ಕಂಬ ಬೇಕಾಗುವುದಿಲ್ಲ. ಆ ಚಿಂದಿಗಳ ಸಾಲು ಗೀಟೆಳೆದಂತೆ ಒಂದೇ ಮಟ್ಟದಲ್ಲಿರುತ್ತದೆ.

ಪರಿಣಾಮಗಳು: ದಡದ ರೈತನಿಗೆ ಕಸದ ಮೊದಲ ಪರಿಚಯವಾಗುವುದು ಪಂಪಿನ ಫುಟ್‌ವಾಲ್ವಿನಲ್ಲಿ. ಮೋಟಾರು ತಿರುಗುತ್ತದೆ, ನೀರು ಬಾರದು. ಎದೆಮಟ್ಟ ನೀರಿಗಿಳಿದು ಪೈಪಿನ ತುದಿಯನ್ನು ತಡವಿದರೆ ಜಾಲರಿಯ ತುಂಬ ಚೀಲಗಳು ಮೈಗಂಟಿದ ಒದ್ದೆ ಬಟ್ಟೆಯಂತೆ ಸುತ್ತಿಕೊಂಡಿರುತ್ತವೆ. ವಿದ್ಯುತ್ತು ಇರುವ ಕೆಲವೇ ತಾಸುಗಳಲ್ಲಿ ಅರ್ಧ ತಾಸು ಇದಕ್ಕೇ ಹೋಗುತ್ತದೆ. ಊರಿಗೆ ನೀರೆತ್ತುವ ಜಾಕ್‌ವೆಲ್ಲುಗಳ ಜಾಲರಿಗೂ ಇದೇ ಗತಿ. ದಂಡೆಯಲ್ಲಿ ಮೇಯುವ ಎಮ್ಮೆ ಆಕಳುಗಳು ಉಪ್ಪಿನ ರುಚಿಗೋ ಅನ್ನದ ವಾಸನೆಗೋ ಚೀಲವನ್ನು ಸಹಿತ ನುಂಗಿ, ಅದು ಹೊಟ್ಟೆಯಲ್ಲಿ ಗಂಟುಕಟ್ಟಿ ಸೊರಗಿ ಸಾಯುವುದು ಪಶುವೈದ್ಯರಿಗೆಲ್ಲ ಗೊತ್ತಿರುವ ವಿಷಯ. ಗಟಾರದ ಬಾಯಿ ಕಟ್ಟಿದಾಗ ನಿಲ್ಲುವ ನೀರಿನಲ್ಲಿ ಸೊಳ್ಳೆ ಹುಟ್ಟುವುದನ್ನು ಹೇಳಬೇಕಾದ್ದಿಲ್ಲ. ಕಸವನ್ನು ಕೈಯಿಂದ ಬಳಿಯುವ ಪೌರಕಾರ್ಮಿಕರಿಗೆ ಒಡೆದ ಬಳೆಯ ಗಾಜು, ಸೂಜಿ, ಬ್ಲೇಡುಗಳಿಂದಾಗುವ ಗಾಯಗಳು ಯಾವ ವರದಿಯಲ್ಲಿಯೂ ಸರಿಯಾಗಿ ದಾಖಲಾಗುವುದಿಲ್ಲ.

ಮೇಲಿನ ದಡದವರ ಪಾಲು: ಹೊಳೆಯ ಹೊಲಸೆಲ್ಲ ಮಹಾರಾಷ್ಟ್ರದಿಂದ ಬರುತ್ತದೆಂಬ ಮಾತು ಈ ಸೀಮೆಯಲ್ಲಿ ಪ್ರಚಲಿತವಾಗಿದೆ. ಅದು ಪೂರ್ತಿ ಸುಳ್ಳಲ್ಲ. ಕರಾಡ, ಸಾಂಗಲಿಗಳು ಕೃಷ್ಣೆಯ ದಡದಲ್ಲಿಯೂ, ಕೊಲ್ಹಾಪುರ, ಇಚಲಕರಂಜಿಗಳು ಪಂಚಗಂಗೆಯ ದಡದಲ್ಲಿಯೂ ಇವೆ. ಪಂಚಗಂಗೆಯ ಮಾಲಿನ್ಯವು ನ್ಯಾಯಾಲಯದ ಮೆಟ್ಟಿಲೇರಿ ದಶಕಗಳಾದವು, ನಮ್ಮ ರಬಕವಿಯಂತೆಯೇ ನೇಕಾರರ ಊರಾದ ಇಚಲಕರಂಜಿಯಲ್ಲಿ 2012ರಲ್ಲಿ ಕಲುಷಿತ ನೀರಿನಿಂದ ಕಾಮಾಲೆ ಹಬ್ಬಿ ಜೀವಹಾನಿಯೂ ಆಯಿತು. ಆದರೆ ಕರಗಿದ ಕಲ್ಮಷಕ್ಕೆ ಒಪ್ಪುವ ಈ ದೂರು ಘನಕಸಕ್ಕೆ ಅಷ್ಟಾಗಿ ಒಪ್ಪದು. ಮಹಾಪೂರದ ದಿನಗಳನ್ನು ಬಿಟ್ಟರೆ, ನಡುವಿನ ಒಡ್ಡುಗಳನ್ನೂ ಬಾಂದಾರಗಳನ್ನೂ ದಾಟಿ ಸಾಂಗಲಿಯ ಚೀಲವು ರಬಕವಿಗೆ ಬರುವುದು ಸುಲಭವಲ್ಲ. ಬೇಸಗೆಯಲ್ಲಿ ನಮ್ಮ ದಂಡೆಯಲ್ಲಿ ಬಿದ್ದಿರುವ ಹಾಲಿನ ಚೀಲದ ಮೇಲಿನ ಅಕ್ಷರಗಳನ್ನು ಓದಿ ನೋಡಿದರೆ ಅದು ಯಾರ ಮನೆಯದೆಂಬುದು ಬೇಗನೆ ಇತ್ಯರ್ಥವಾಗುತ್ತದೆ.

ವಿಧಿ ನಿಷೇಧಗಳು: ಕಾನೂನಿಗೆ ಇಲ್ಲಿ ಕೊರತೆಯಿಲ್ಲ. 1974ರ ಜಲಮಾಲಿನ್ಯ ಕಾಯಿದೆ, 1986ರ ಪರಿಸರ ಸಂರಕ್ಷಣಾ ಕಾಯಿದೆ, ಹಸಿಕಸ ಒಣಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆನ್ನುವ ಘನತ್ಯಾಜ್ಯ ನಿಯಮಗಳು, 2016ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ಹೊರಡಿಸಿದ ಪ್ಲಾಸ್ಟಿಕ್ ನಿಷೇಧ, 2022ರ ಜುಲೈ 1ರಿಂದ ದೇಶಾದ್ಯಂತ ಜಾರಿಗೆ ಬಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ನಿಷೇಧ, ವಿಗ್ರಹ ವಿಸರ್ಜನೆಯ ಬಗ್ಗೆ ಕೇಂದ್ರ ಮಂಡಳಿ 2010ರಲ್ಲಿ ಕೊಟ್ಟು 2020ರಲ್ಲಿ ತಿದ್ದಿದ ಸೂಚನೆಗಳು, ಇವೆಲ್ಲ ಪುಸ್ತಕದಲ್ಲಿವೆ. ಗುಟಕಾ ಚೀಟಿಯನ್ನೂ ಶಾಂಪೂ ಪೊಟ್ಟಣವನ್ನೂ 2022ರ ನಿಷೇಧದ ಪಟ್ಟಿಯು ಮುಟ್ಟಲಿಲ್ಲ. ಗಟಾರದಲ್ಲಿ ಹೆಚ್ಚಾಗಿ ಸಿಗುವುದು ಅವೇ.

ಪರಿಹಾರದ ಕ್ರಮಗಳು: 2021ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನವು, ಸಮುದ್ರಕ್ಕೆ ಪ್ಲಾಸ್ಟಿಕ್ಕನ್ನು ಒಯ್ಯುವ ನದಿಗಳು ಕೆಲವೇ ಮಹಾನದಿಗಳೆಂಬ ಅದುವರೆಗಿನ ಕಲ್ಪನೆಯನ್ನು ತಳ್ಳಿಹಾಕಿ, ಸಾವಿರಕ್ಕೂ ಮಿಕ್ಕ ನದಿಗಳು ಸೇರಿ ನೂರಕ್ಕೆ ಎಂಬತ್ತರಷ್ಟನ್ನು ಒಯ್ಯುತ್ತವೆಂದೂ, ಊರುಗಳ ನಡುವೆ ಹರಿಯುವ ಸಣ್ಣ ಹೊಳೆಗಳೇ ಅವುಗಳಲ್ಲಿ ಮುಖ್ಯವೆಂದೂ ತೋರಿಸಿತು. ಹಳ್ಳವನ್ನು ಬಿಟ್ಟು ಹೊಳೆಯನ್ನು ಹಸನುಗೊಳಿಸಹೊರಡುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ಹೆಚ್ಚಿನ ಸಮರ್ಥನೆ ಬೇಡ. ಅಮೆರಿಕದ ಬಾಲ್ಟಿಮೋರ್ ಪಟ್ಟಣದಲ್ಲಿ 2014ರಿಂದ ಜೋನ್ಸ್ ಫಾಲ್ಸ್ ಎಂಬ ಹೊಳೆಯ ಬಾಯಲ್ಲಿ, ಪ್ರವಾಹದ ಬಲದಿಂದಲೂ ಬಿಸಿಲಿನ ವಿದ್ಯುತ್ತಿನಿಂದಲೂ ತಿರುಗುವ ಗಾಲಿಯೊಂದು ತೇಲಿಬಂದ ಕಸವನ್ನು ಎತ್ತಿ ತೊಟ್ಟಿಗೆ ಸುರಿಯುತ್ತದೆ. ನಮ್ಮಲ್ಲಿ ಬೆಂಗಳೂರಿನ ಬಸವನಗುಡಿಯ ಬಳಿ ಹುಟ್ಟಿ ಹೊಳೆಯ ಹೆಸರನ್ನೇ ಕಳೆದುಕೊಂಡು ಮೋರಿಯೆನಿಸಿದ ವೃಷಭಾವತಿಯ ಉದಾಹರಣೆಯು, ತಡಮಾಡಿದರೆ ಏನಾಗುವುದೆಂಬುದಕ್ಕೆ ಸಾಕು. ರಬಕವಿಯಂಥ ಊರಿಗೆ ಗಾಲಿ ಯಂತ್ರಗಳ ಅವಶ್ಯಕತೆಯಿಲ್ಲ. ಹಳ್ಳವು ಹೊಳೆಯನ್ನು ಸೇರುವ ಮುಂಚೆ ಅಡ್ಡಲಾಗಿ ಕಬ್ಬಿಣದ ಸರಳುಗಳ ಜಾಲರಿಯೊಂದು, ಅದಕ್ಕೆ ತಗುಲಿದ್ದನ್ನು ದಿನವೂ ತೆಗೆಯುವ ಇಬ್ಬರು, ತೆಗೆದದ್ದನ್ನು ಒಯ್ಯುವ ಒಂದು ಬಂಡಿ ಸಾಕು. ತೆಗೆಯುವವರಿಲ್ಲದ ಜಾಲರಿ ಮಾತ್ರ ಇಲ್ಲದಿರುವುದಕ್ಕಿಂತ ಕೇಡು, ಅದು ಕಟ್ಟಿಕೊಂಡು ಮೊದಲ ಮಳೆಗೇ ನೀರನ್ನು ಓಣಿಗೆ ತಿರುಗಿಸುತ್ತದೆ. ದಂಡೆಯಲ್ಲಿ ಹಳೆಯ ಪಟ ಮೂರ್ತಿಗಳಿಗಾಗಿ ಒಂದು ಕಟ್ಟೆಯನ್ನು ಕಟ್ಟಿ, ಮಠಮಾನ್ಯರ ಮಾತಿನ ಬಲದಿಂದ ಅಲ್ಲಿಯೇ ಬಿಡುವ ರೂಢಿಯನ್ನು ಬೆಳೆಸಿದರೆ ಭಕ್ತಿಗೂ ಭಂಗವಿಲ್ಲ, ಹೊಳೆಗೂ ಹೊರೆಯಿಲ್ಲ. ಈ ಸೀಮೆಯಲ್ಲಿ ನಗರಸಭೆಯ ಫಲಕಕ್ಕಿಂತ ಸ್ವಾಮಿಗಳ ಒಂದು ಮಾತು ಹೆಚ್ಚು ದೂರ ಮುಟ್ಟುತ್ತದೆಂಬುದು ಎಲ್ಲರಿಗೂ ಗೊತ್ತು.

ಮುಂಗಾರಿಗೆ ಮೊದಲು ಗಟಾರಗಳನ್ನು ಬಳಿಯುವ ಕೆಲಸ ಪ್ರತಿವರ್ಷವೂ ನಡೆಯುತ್ತದೆ. ಆದರೆ ಬಳಿದ ರಾಡಿಯನ್ನು ಗಟಾರದ ದಂಡೆಯಲ್ಲಿಯೇ ಒಣಗಲು ಬಿಟ್ಟು ಹೋಗುವುದು ಊರೂರಿನ ವಾಡಿಕೆ. ಬಂಡಿ ನಾಳೆ ಬರುತ್ತದೆಂದು ಹೇಳಿದ ರಾತ್ರಿಯೇ ಮಳೆ ಬಂದು, ಬಳಿದದ್ದೆಲ್ಲ ಮತ್ತೆ ಗಟಾರಕ್ಕೆ, ಗಟಾರದಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಇಳಿಯುತ್ತದೆ. ಮೇ ತಿಂಗಳ ಕೊನೆಯ ವಾರದಲ್ಲಿ ನಿಮ್ಮ ಓಣಿಯಲ್ಲಿ ಬಳಿದಿಟ್ಟ ರಾಡಿಯ ರಾಶಿ ಕಂಡರೆ, ಅಂದೇ ಸಂಜೆಯೊಳಗೆ ಅದನ್ನು ಒಯ್ಯುವಂತೆ ವಾರ್ಡಿನ ಸದಸ್ಯರ ಮನೆಯ ಬಾಗಿಲನ್ನು ತಟ್ಟಿರಿ.